‘ಡೇರಿ ತಾವ ಇಟ್ಟಿದೀನಿ, ಈಸ್ಕೊಳ್ಳಿ’: ಗ್ರಾಹಕ ವ್ಯವಹಾರಗಳ ಸಚಿವರಿಗೆ ಬಹಿರಂಗ ಪತ್ರ

ಗೆ,
ಶ್ರೀ ಪ್ರಲ್ಹಾದ ಜೋಶಿ,
ಗ್ರಾಹಕ ವ್ಯವಹಾರಗಳು, ಆಹಾರ ಮತ್ತು ಸಾರ್ವಜನಿಕ ವಿತರಣೆ ಸಚಿವರು,
ಭಾರತ ಸರ್ಕಾರ, ನವದೆಹಲಿ

ಮಾನ್ಯ ಸಚಿವರೇ,

ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ಪಾರ್ಸೆಲ್ಲಿಗಿಂತ ಮೊದಲು ಅದು ತಲುಪಿದ ಸುದ್ದಿ ಬರುತ್ತದೆ. ಫೋನು ಸದ್ದು ಮಾಡುತ್ತದೆ, ತೆರೆದು ನೋಡಿದರೆ ‘ಡೆಲಿವರ್ಡ್’. ಬಾಗಿಲಲ್ಲಿ ಯಾರೂ ಇಲ್ಲ, ಜಗಲಿಯ ಮೇಲೆ ಏನೂ ಇಲ್ಲ. ಸಂದೇಶದಲ್ಲಿದ್ದ ನಂಬರಿಗೆ ಫೋನ್ ಮಾಡಿ, ಪುಣ್ಯಕ್ಕೆ ಆ ಕಡೆಯವರು ಎತ್ತಿದರೆ, ಸಿಗುವ ಉತ್ತರ ಇಷ್ಟು: ‘ಡೇರಿ ತಾವ ಇಟ್ಟಿದೀನಿ, ಈಸ್ಕೊಳ್ಳಿ.’ ಊರಿನ ಹಾಲಿನ ಡೇರಿ ತೆರೆಯುವುದು ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು. ಮಧ್ಯಾಹ್ನ ಬಂದ ಪೊಟ್ಟಣ ಬೀಗ ಹಾಕಿದ ಬಾಗಿಲ ಮುಂದೆ, ತೊಳೆದು ಬೋರಲು ಹಾಕಿದ ಕ್ಯಾನುಗಳ ಪಕ್ಕದಲ್ಲಿ ಕೂತಿರುತ್ತದೆ. ಡೇರಿಯಲ್ಲದಿದ್ದರೆ ಬಸ್‌ಸ್ಟಾಪಿನ ಟೀ ಅಂಗಡಿ. ಅದೂ ಅಲ್ಲದಿದ್ದರೆ ಕಾಂಪೌಂಡಿನ ಆಚೆಯಿಂದ ಒಳಗೆ ಎಸೆದದ್ದು. ಬಿದ್ದ ಜಾಗ ಹೂವಿನ ಗಿಡವೋ ದನದ ಕೊಟ್ಟಿಗೆಯೋ, ಅದು ಎಸೆದವರ ಕೈಬಲಕ್ಕೆ ಬಿಟ್ಟದ್ದು.

ಹೀಗೆ ಬಿದ್ದಿರುವುದು ಬರೀ ಅಂಗಿ, ಚಪ್ಪಲಿ ಅಲ್ಲ. ಕೋಲಾರ ಜಿಲ್ಲೆಯ ಟೊಮೆಟೊ ಬೆಳೆಗಾರರು ಬ್ಯಾಟರಿ ಸ್ಪ್ರೇಯರನ್ನೂ ಡ್ರಿಪ್ ಪೈಪಿನ ಬಿಡಿ ಭಾಗಗಳನ್ನೂ ಈಗ ಫೋನಿನಲ್ಲೇ ತರಿಸುತ್ತಾರೆ. ಎಸ್ಸೆಸ್ಸೆಲ್ಸಿ ಓದುವ ಹುಡುಗಿಗೆ ಗೈಡು ಬರುವುದೂ ಹಾಗೆಯೇ. ಕೋಲಾರ ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿ, ಗಣಿ ಕಾರ್ಮಿಕರ ಸಾಲು ಮನೆಗಳಾದ ‘ಲೈನ್’ಗಳಲ್ಲಿ, ಗಣಿಯ ದೂಳು ಕುಡಿದು ಎದೆ ಕೆಡಿಸಿಕೊಂಡ ಹಿರಿಯರಿದ್ದಾರೆ. ಗಣಿ ಕಂಪನಿಯ ಆಸ್ಪತ್ರೆ ಮುಚ್ಚಿದ ಮೇಲೆ, ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಅಪ್ಪನ ಇನ್‌ಹೇಲರನ್ನು ಅಲ್ಲಿಂದಲೇ ಬುಕ್ ಮಾಡುತ್ತಾರೆ. ಬಿಸಿಲಿಗೆ ಇಡಬೇಡಿ ಎಂದು ಇನ್‌ಹೇಲರಿನ ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ಆದರೆ ಅದು ಒಳಗಿನ ಡಬ್ಬಿ. ಹೊರಗಿನ ರಟ್ಟಿನ ಮೇಲೆ ಇರುವುದು ಬಾರ್‌ಕೋಡ್ ಮಾತ್ರ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಕಾಂಪೌಂಡ್ ಗೋಡೆಯ ಮೇಲೆ ಅದನ್ನು ಇಟ್ಟು ಹೋಗುವವರಿಗೆ ಒಳಗೇನಿದೆ ಎಂದು ಗೊತ್ತಾಗುವ ದಾರಿಯಿಲ್ಲ.

ಈ ಪತ್ರ ತಮಗೇ ಬರಲು ಕಾರಣವಿದೆ. ತಾವು ಧಾರವಾಡದಿಂದ ಗೆದ್ದವರು, ಇದನ್ನು ಯಾರೂ ಭಾಷಾಂತರ ಮಾಡಿ ತಮ್ಮ ಮುಂದಿಡಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾಗಿ, ಆನ್‌ಲೈನ್ ವ್ಯಾಪಾರದ ನಿಯಮ ಬರೆಯುವ ಅಧಿಕಾರ ತಮ್ಮ ಸಚಿವಾಲಯದ್ದು. ಡೆಲಿವರಿ ಹುಡುಗನನ್ನು ಬೈಯುವುದು ಸುಲಭ. ಊರಿನಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರೆ. ಆದರೆ ಅವನು ಪೊಟ್ಟಣವನ್ನು ಡೇರಿ ಕಟ್ಟೆಯ ಮೇಲಿಟ್ಟು ಗಾಡಿ ತಿರುಗಿಸುವುದು ಬರೀ ಸೋಮಾರಿತನದಿಂದಲ್ಲ. ಹಾಗೆ ಇಟ್ಟು ಹೋದರೂ ಲೆಕ್ಕ ಸರಿಹೋಗುವಂತೆ ಈ ವ್ಯವಸ್ಥೆಯನ್ನೇ ಕಟ್ಟಲಾಗಿದೆ. ತಲುಪಿತು ಎಂದು ಬರೆದುಕೊಳ್ಳುವವರೂ ಕಂಪನಿಯವರೇ, ಅದಕ್ಕೆ ಸಾಕ್ಷಿಯೂ ಅವರೇ. ದುಡ್ಡು ಕೊಟ್ಟವರನ್ನು ಯಾರೂ ಕೇಳುವುದಿಲ್ಲ.

ಅದೇ ಡೇರಿಯಲ್ಲಿ ಬೆಳಿಗ್ಗೆ ಹಾಲು ಹಾಕುವ ಅಜ್ಜಿಯ ವ್ಯವಹಾರವನ್ನು ಪಕ್ಕದಲ್ಲಿಟ್ಟು ನೋಡಬೇಕು. ಮೂರು ಲೀಟರ್ ಹಾಲಿಗೆ ಅಳತೆ ಎಷ್ಟು, ಜಿಡ್ಡಿನಂಶ ಎಷ್ಟು, ದರ ಎಷ್ಟು ಎಂಬ ಲೆಕ್ಕ ಅಲ್ಲೇ ಆಗುತ್ತದೆ, ಅದರ ಚೀಟಿ ಅಜ್ಜಿಯ ಕೈಗೆ ಬರುತ್ತದೆ. ಅಳತೆಯಲ್ಲಿ ಒಂದು ಲೋಟ ಕಮ್ಮಿ ಕಂಡರೆ ಕ್ಯಾನು ಗಾಡಿ ಹತ್ತುವ ಮೊದಲೇ ಜಗಳ ತೀರ್ಮಾನವಾಗಿರುತ್ತದೆ. ಅದೇ ಕಟ್ಟೆಯ ಮೇಲೆ ಮಧ್ಯಾಹ್ನ ಹತ್ತು ಸಾವಿರ ರೂಪಾಯಿಯ ಫೋನು ಯಾರ ಸಹಿಯೂ ಇಲ್ಲದೆ, ಯಾರ ಹೆಸರೂ ಕೇಳದೆ ಕೈ ಬದಲಾಗುತ್ತದೆ.

ದೂರದ ನೆಪ ಇಲ್ಲಿ ನಡೆಯುವುದಿಲ್ಲ. ಆನ್‌ಲೈನ್ ವ್ಯಾಪಾರದ ದೊಡ್ಡ ಗೋದಾಮುಗಳು ಎದ್ದಿರುವುದೇ ಹೊಸಕೋಟೆ, ಮಾಲೂರಿನ ಸುತ್ತ. ಮಾಲೂರು ಕೋಲಾರ ಜಿಲ್ಲೆಯದೇ ತಾಲ್ಲೂಕು. ರೈಲಿನಲ್ಲಿ ಟೇಕಲ್ ದಾಟಿದರೆ ಬಂಗಾರಪೇಟೆ ಜಂಕ್ಷನ್. ರಸ್ತೆಯ ಕೊರತೆಯೂ ಇಲ್ಲ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಿ ಹೊಸಕೋಟೆಯಿಂದ ಬೇತಮಂಗಲದ ಕಡೆಗಿನ ಸುಮಾರು 71 ಕಿ.ಮೀ. ದಾರಿ 2024ರ ಕೊನೆಗೆ ವಾಹನಗಳಿಗೆ ತೆರೆದುಕೊಂಡಿತು. ಅದು ಮಾಲೂರು, ಬಂಗಾರಪೇಟೆ, ಕೆಜಿಎಫ್ ತಾಲ್ಲೂಕುಗಳ ಹೊಲಗಳ ನಡುವೆಯೇ ಹಾದುಹೋಗುತ್ತದೆ. ಜಮೀನು ಬಿಟ್ಟುಕೊಟ್ಟ ರೈತರ ಮನೆಯ ಪಾರ್ಸೆಲ್ಲು ಆ ರಸ್ತೆಯಲ್ಲಿ ಗಾಳಿಯ ಹಾಗೆ ಬಂದು, ಬಂಗಾರಪೇಟೆಯ ಬಾಡಿಗೆ ಶೆಡ್ಡಿನಲ್ಲಿ ಇಳಿದು, ಅಲ್ಲಿಂದ ಬೂದಿಕೋಟೆಗೋ ಕಾಮಸಮುದ್ರಕ್ಕೋ ಹೊರಡುವ ಹೊತ್ತಿಗೆ ನಿತ್ರಾಣವಾಗುತ್ತದೆ.

ಕಾರಣ ಸರಳ. ಗೋದಾಮಿನಿಂದ ಶೆಡ್ಡಿನವರೆಗೆ ನೂರಾರು ಪೊಟ್ಟಣ ಒಂದೇ ಲಾರಿಯಲ್ಲಿ ಬರುತ್ತವೆ, ತಲಾ ಖರ್ಚು ಪೈಸೆಗಳ ಲೆಕ್ಕ. ಶೆಡ್ಡಿನಿಂದ ಆಚೆಗೆ ಒಂದು ಬೈಕು, ಒಂದು ಬೆನ್ನಿನ ಚೀಲ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಒಂದು ಬೀದಿಯಲ್ಲಿ ಹತ್ತು ನಿಮಿಷಕ್ಕೆ ಐದು ಮನೆ ಮುಗಿಯುತ್ತವೆ. ತಮಿಳುನಾಡಿನ ಗಡಿಯ ಕಾಡಂಚಿನಲ್ಲಿರುವ ಕಾಮಸಮುದ್ರದ ಕಡೆಯ ಒಂದು ತೋಟದ ಮನೆಗೆ ಹೋಗಿ ಬರುವುದರೊಳಗೆ ಅರ್ಧ ದಿನ ಕಳೆದಿರುತ್ತದೆ. ಸಂಜೆಯ ಮೇಲೆ ಆ ದಾರಿಯಲ್ಲಿ ಆನೆ ಇದೆಯೋ ಇಲ್ಲವೋ ಎಂದು ಕೇಳಿಕೊಂಡೇ ಹೊರಡಬೇಕು. ಕೂಲಿ ಮಾತ್ರ ಹೆಚ್ಚಿನ ಕಡೆ ಪೊಟ್ಟಣದ ಲೆಕ್ಕ. ಪೆಟ್ರೋಲು ಡೆಲಿವರಿ ಹುಡುಗನದು, ಬೈಕಿನ ಕಂತು ಅವನದು, ಪೊಟ್ಟಣ ಕಳೆದರೆ ದಂಡವೂ ಎಷ್ಟೋ ಸಲ ಅವನದೇ. ಈ ಲೆಕ್ಕ ಹಾಕಿ ನೋಡಿದರೆ ಡೇರಿಯ ಕಟ್ಟೆ ಅವನ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಅರ್ಥವಾಗುತ್ತದೆ.

ಇನ್ನು ವಿಳಾಸ. ಕೋಲಾರ ಬೇರೆ, ಕೋಲಾರ ಚಿನ್ನದ ಗಣಿ ಬೇರೆ. ನಡುವೆ ಸುಮಾರು ಮೂವತ್ತು ಕಿ.ಮೀ. ಅಂತರ. ಆ್ಯಪಿನಲ್ಲಿ ಪಿನ್‌ಕೋಡ್ ಒತ್ತಿದ ಕೂಡಲೇ ಊರಿನ ಜಾಗದಲ್ಲಿ ತಾನಾಗಿ ‘ಕೋಲಾರ’ ಎಂದು ಬಂದು ಕೂರುವುದುಂಟು. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವ ಹೊತ್ತಿಗೆ ಹಳ್ಳಿ ಪಲ್ಲಿಯಾಗುತ್ತದೆ, ಪಲ್ಲಿ ಹಳ್ಳಿಯಾಗುತ್ತದೆ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬಾಯಲ್ಲಿ ಹರಿಯುವ ಸೀಮೆಯಿದು. ಬಂಗಾರಪೇಟೆಯ 563114 ಎಂಬ ಒಂದೇ ಪಿನ್‌ಕೋಡಿನ ಅಡಿಯಲ್ಲಿ ಪಟ್ಟಣವೂ ಬರುತ್ತದೆ, ಸುತ್ತಲಿನ ಹಲವು ಹಳ್ಳಿಗಳೂ ಬರುತ್ತವೆ.

ಕೆಜಿಎಫ್‌ನ ಕತೆ ಇದಕ್ಕೆ ತಿರುಗುಮುರುಗು. ಅಲ್ಲಿ ಪಿನ್‌ಕೋಡುಗಳಿಗೆ ಬರವಿಲ್ಲ. 1880ರಿಂದ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ನಡೆಸತೊಡಗಿದ ಮೇಲೆ ಒಂದೊಂದು ಗಣಿಯ ಸುತ್ತ ಒಂದೊಂದು ಪುಟ್ಟ ಊರೇ ಎದ್ದಿತು. ಊರಿನ ಜೊತೆ ಅಂಚೆ ಕಚೇರಿಯೂ ಬಂತು. 1972ರ ಆಗಸ್ಟ್ 15ರಂದು ದೇಶಕ್ಕೆ ಪಿನ್‌ಕೋಡ್ ಬಂದಾಗ ಅವಕ್ಕೆಲ್ಲ ಬೇರೆ ಬೇರೆ ಸಂಖ್ಯೆ ಸಿಕ್ಕಿದವು. ಚಾಂಪಿಯನ್ ರೀಫ್ಸ್ 563117, ಮಾರಿಕುಪ್ಪಂ 563119, ರಾಬರ್ಟ್‌ಸನ್‌ಪೇಟೆ 563122. ಸಂಖ್ಯೆಗಳು ಉಳಿದವು, 2001ರಲ್ಲಿ ಗಣಿಗಳು ಮುಚ್ಚಿದವು. ಮನೆ ಹುಡುಕಲು ದಾರಿ ತೋರಿಸುತ್ತಿದ್ದ ಕಂಪನಿಯ ಕಚೇರಿ, ಟೈಂ ಆಫೀಸು, ಪಾಳಿ ಬದಲಾಗುವಾಗ ಬೀದಿ ತುಂಬ ಇರುತ್ತಿದ್ದ ಜನ, ಯಾವುದೂ ಈಗಿಲ್ಲ. ಒಂದೇ ಥರದ ಸಾಲು ಮನೆ, ಬ್ಲಾಕಿನ ಹೆಸರು, ಮಾಸಿದ ನಂಬರು. ಹೊಸದಾಗಿ ಸೇರಿದ ಹುಡುಗನಿಗೆ ‘ಶಾಫ್ಟಿನ ಹಿಂದೆ, ಸೈನೈಡ್ ಗುಡ್ಡದ ಕಡೆಗೆ ಮೂರನೇ ಸಾಲು’ ಎಂದರೆ ಅವನು ಯಾವ ಶಾಫ್ಟು ಎಂದು ಕೇಳುತ್ತಾನೆ. ಕೇಳುವುದು ಸರಿಯೇ, ಇಲ್ಲಿ ಶಾಫ್ಟುಗಳು ಒಂದೆರಡಲ್ಲ.

ಮನೆ ಸಿಕ್ಕರೂ ಮನೆಯಲ್ಲಿ ಜನ ಸಿಗಬೇಕಲ್ಲ. ಗಣಿ ಮುಚ್ಚಿದ ಮೇಲೆ ಕೆಜಿಎಫ್ ಬೆಂಗಳೂರಿಗೆ ದುಡಿಯಲು ಹೋಗಿ ಬರುವ ಊರಾಯಿತು. ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂನಿಂದ ಹೊರಟ ರೈಲು ಚಾಂಪಿಯನ್, ಉರಿಗಾಂ, ಕೋರಮಂಡಲ್‌ಗಳಲ್ಲಿ ಜನರನ್ನು ತುಂಬಿಸಿಕೊಂಡು ಬಂಗಾರಪೇಟೆಯ ಮೇಲೆ ರಾಜಧಾನಿಗೆ ಹೋಗುತ್ತದೆ; ಅವರು ಮನೆಗೆ ಮರಳುವಾಗ ರಾತ್ರಿ. ನರಸಾಪುರದ ಕಾರ್ಖಾನೆಗಳಿಗೆ ಪಾಳಿ ಮೇಲೆ ಹೋಗುವವರದೂ ಇದೇ ಪಾಡು. (ಜಗತ್ತಿಗೆ ಐಫೋನ್ ಕಳಿಸುವ ಕಾರ್ಖಾನೆ ಅಲ್ಲಿದೆ; ಅದರೊಳಗೆ ಕೆಲಸ ಮಾಡುವ ಹುಡುಗಿಯ ಹಳ್ಳಿಮನೆಗೆ ಒಂದು ಚಾರ್ಜರ್ ಮುಟ್ಟಿಸಲು ತಿಣುಕಬೇಕು.) ಹಗಲು ಮನೆಯಲ್ಲಿರುವವರು ವಯಸ್ಸಾದವರು. ಪಾರ್ಸೆಲ್ಲು ಬರುವುದು ಹಗಲು.

ಈ ಬಿರುಕಿನಲ್ಲೇ ಓಟಿಪಿ ಎಂಬ ಕಾವಲುಗಾರ ಬಂದು ನಿಂತ. ವಸ್ತು ಕೈಗೆ ಬಂದಾಗ ಮಾತ್ರ ಹೇಳಬೇಕಾದ ಸಂಖ್ಯೆ ಅದು. ನಡೆಯುವುದು ಬೇರೆ. ‘ಓಟಿಪಿ ಹೇಳಿ ಅಕ್ಕಾ, ಇಲ್ಲಾಂದ್ರೆ ರಿಟರ್ನ್ ಹೋಗ್ಬಿಡತ್ತೆ’ ಎಂಬ ಫೋನು ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಮೆಷಿನ್ ಮುಂದೆ ಕೂತವರಿಗೆ ಬರುತ್ತದೆ. ಅವರು ಹೇಳುತ್ತಾರೆ, ಹೇಳದೆ ಇನ್ನೇನು ಮಾಡಿಯಾರು? ಸಂಖ್ಯೆ ಹೇಳಿದ ಕ್ಷಣಕ್ಕೆ ಕಂಪನಿಯ ಕಡತದಲ್ಲಿ ವಸ್ತು ಕೈಸೇರಿದ್ದಕ್ಕೆ ಗ್ರಾಹಕರದೇ ಒಪ್ಪಿಗೆ ಬಿತ್ತು. ಆಮೇಲೆ ಪೊಟ್ಟಣ ಸಿಗದಿದ್ದರೆ, ಒಡೆದಿದ್ದರೆ, ಖಾಲಿಯಿದ್ದರೆ ದೂರಿಗೆ ಸಿಗುವ ಉತ್ತರ ಒಂದೇ: ‘ನೀವೇ ಓಟಿಪಿ ಕೊಟ್ಟಿದ್ದೀರಲ್ಲ.’ ಕೊಡದಿದ್ದವರ ಗತಿ ಇನ್ನೊಂದು. ಮನೆಯ ಅಂಗಳದಲ್ಲಿ ಅಜ್ಜ ಕೂತಿರುವಾಗಲೇ ‘ಡೋರ್ ಲಾಕ್ಡ್’, ‘ಕಸ್ಟಮರ್ ನಾಟ್ ಅವೈಲಬಲ್’ ಎಂದು ದಾಖಲಾಗಿ, ಪೊಟ್ಟಣ ಬಂದ ದಾರಿಗೆ ಸುಂಕವಿಲ್ಲದಂತೆ ಮಾಲೂರಿಗೆ ವಾಪಸಾಗುತ್ತದೆ.

ಕಾನೂನು ಏನೆನ್ನುತ್ತದೆ? ತಮ್ಮ ಸಚಿವಾಲಯದ ಗ್ರಾಹಕ ಸಂರಕ್ಷಣಾ (ಇ–ಕಾಮರ್ಸ್) ನಿಯಮಗಳು ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ಅವು ಕೆಟ್ಟ ನಿಯಮಗಳಲ್ಲ. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎಂದು ಅವು ಹೇಳುತ್ತವೆ. ಗ್ರಾಹಕರ ಒಪ್ಪಿಗೆಯನ್ನು ಮೊದಲೇ ಟಿಕ್ ಮಾಡಿಟ್ಟ ಚೌಕದ ಮೂಲಕ ಕದಿಯಬಾರದು ಎನ್ನುತ್ತವೆ. ಹೇಳಿದ ದಿನಕ್ಕಿಂತ ತಡವಾಗಿ ಬಂದ ಸರಕನ್ನು ವಾಪಸು ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ‘ರ‍್ಯಾಂಕಿಂಗ್’ ಎಂದರೇನು ಎಂಬುದಕ್ಕೂ ಅಲ್ಲಿ ವ್ಯಾಖ್ಯೆಯಿದೆ. ಸರಕು ತಲುಪಿತು ಎಂದರೆ ಏನು, ಯಾರ ಕೈಗೆ, ಯಾವ ಜಾಗಕ್ಕೆ ಬಂದರೆ ತಲುಪಿದಂತೆ ಎಂಬುದಕ್ಕೆ ಮಾತ್ರ ಇಲ್ಲ. ತಡವಾಯಿತೋ ಇಲ್ಲವೋ ಎಂದು ಅಳೆಯುವುದು ಯಾವ ಗಳಿಗೆಯಿಂದ? ಕಂಪನಿ ‘ಡೆಲಿವರ್ಡ್’ ಎಂದು ಒತ್ತಿದ ಗಳಿಗೆಯಿಂದಲೇ ಆದರೆ, ಆ ನಿಯಮದ ಹಲ್ಲು ಕಿತ್ತಂತೆಯೇ.

ಹಿಂದಕ್ಕೆ ಹೋದರೆ 1930ರ ಸರಕು ಮಾರಾಟ ಕಾಯ್ದೆ ಸಿಗುತ್ತದೆ. ಒಬ್ಬರ ಸ್ವಾಧೀನದಿಂದ ಇನ್ನೊಬ್ಬರ ಸ್ವಾಧೀನಕ್ಕೆ ಸ್ವಇಚ್ಛೆಯಿಂದ ಹೋಗುವುದೇ ವಿತರಣೆ ಎಂದು ಅದರ 2ನೇ ಕಲಮು ಚೊಕ್ಕವಾಗಿ ಹೇಳುತ್ತದೆ. ಆದರೆ 39ನೇ ಕಲಮಿಗೆ ಬಂದರೆ, ಸರಕನ್ನು ಸಾಗಣೆದಾರರಿಗೆ ಒಪ್ಪಿಸಿದರೆ ಮೇಲ್ನೋಟಕ್ಕೆ ಅದು ಕೊಳ್ಳುವವರಿಗೇ ಒಪ್ಪಿಸಿದಂತೆ. ವ್ಯಾಪಾರಿ ವ್ಯಾಪಾರಿಗೆ ರೈಲಿನಲ್ಲಿ ಮೂಟೆ ಕಳಿಸುತ್ತಿದ್ದ ಕಾಲಕ್ಕೆ ಅದು ಸರಿಯಿತ್ತು. ಮೂಟೆ ಬಂದಿಳಿದರೆ ಸ್ಟೇಷನ್ನಿಗೆ ಹೋಗಿ ಬಿಡಿಸಿಕೊಳ್ಳಬೇಕು ಎಂಬುದು ಇಬ್ಬರಿಗೂ ಗೊತ್ತಿದ್ದ ಮಾತು. ಮನೆ ಬಾಗಿಲಿಗೆ ತಂದುಕೊಡುತ್ತೇವೆ ಎಂದು ಅದಕ್ಕೂ ಸೇರಿಸಿ ದುಡ್ಡು ಪಡೆಯುವ ವ್ಯಾಪಾರಕ್ಕೆ ಆ ಅಂಗಿ ಹಿಡಿಸುವುದಿಲ್ಲ. ಆ ಕಾಯ್ದೆಗೆ ಮಾದರಿಯಾದ ಇಂಗ್ಲೆಂಡೇ ತನ್ನ ಗ್ರಾಹಕರ ಮಟ್ಟಿಗೆ ಇದನ್ನು ಕೈಬಿಟ್ಟಿದೆ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ 29ನೇ ಕಲಮಿನ ಪ್ರಕಾರ, ಸರಕು ಗ್ರಾಹಕರ ಅಥವಾ ಅವರು ಗುರುತಿಸಿದವರ ಕೈಗೆ ಭೌತಿಕವಾಗಿ ಬರುವ ತನಕ ನಷ್ಟದ ಹೊಣೆ ವ್ಯಾಪಾರಿಯದು. ಲಂಡನ್ನಿನಲ್ಲಿ ಕೂತು ಕೋಲಾರದ ಗಣಿ ನಡೆಸಿದವರ ದೇಶದಲ್ಲಿ ಇರುವ ಈ ರಕ್ಷಣೆ ಗಣಿಯ ಊರಿನವರಿಗೂ ಸಿಗಬೇಕೆಂದು ಕೇಳುವುದು ದೊಡ್ಡ ಆಸೆಯೇನಲ್ಲ.

ಕೋರ್ಟಿಗೆ ಹೋದವರು ಗೆದ್ದಿಲ್ಲವೆಂದಲ್ಲ. 2021ರಲ್ಲಿ ಕೊಪ್ಪಳದ ವಿದ್ಯಾರ್ಥಿಯೊಬ್ಬರು 48,999 ರೂಪಾಯಿ ಕೊಟ್ಟು ಐಫೋನ್ ತರಿಸಿದರು. ಡಬ್ಬಿಯಲ್ಲಿ ಇದ್ದದ್ದು ಒಂದು ಕೀಪ್ಯಾಡ್ ಫೋನು ಮತ್ತು ಬಟ್ಟೆ ಒಗೆಯುವ ಸೋಪು. ತಾನು ಮಾರುವವರನ್ನೂ ಕೊಳ್ಳುವವರನ್ನೂ ಸೇರಿಸುವ ವೇದಿಕೆ ಮಾತ್ರ ಎಂಬ ಕಂಪನಿಯ ವಾದವನ್ನು ಅಲ್ಲಿನ ಜಿಲ್ಲಾ ಗ್ರಾಹಕರ ಆಯೋಗ ಒಪ್ಪದೆ, 2023ರಲ್ಲಿ ಹಣದ ಜೊತೆ ಪರಿಹಾರವನ್ನೂ ಕೊಡಿಸಿತು. ಅದೇ ವರ್ಷ ಬೆಂಗಳೂರಿನ ಆಯೋಗ, 12,499 ರೂಪಾಯಿ ಮುಂಗಡ ಕೊಟ್ಟರೂ ಫೋನೇ ಬಾರದ ಮಹಿಳೆಯೊಬ್ಬರಿಗೆ ಬಡ್ಡಿ, ದಂಡ, ಖರ್ಚು ಸೇರಿಸಿ ಸುಮಾರು 42 ಸಾವಿರ ಕೊಡಬೇಕೆಂದು ಆದೇಶಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಗ್ರಾಹಕರು ತಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ಆನ್‌ಲೈನಿನಲ್ಲೂ ಸಲ್ಲಿಸಬಹುದು. ಇವೆಲ್ಲ ಒಳ್ಳೆಯವೇ.

ಆದರೆ ಐಫೋನಿಗೆ ಹೋರಾಡುವವರು ಸಿಗುತ್ತಾರೆ. 380 ರೂಪಾಯಿಯ ಗೈಡು, 600 ರೂಪಾಯಿಯ ಮಾತ್ರೆ, 900 ರೂಪಾಯಿಯ ಸ್ಪ್ರೇಯರ್ ನಳಿಕೆಗೆ ಯಾರು ಹೋಗುತ್ತಾರೆ? ಕೆಜಿಎಫ್‌ನಿಂದ ಕೋಲಾರಕ್ಕೆ ಬಸ್ಸಿನ ಚಾರ್ಜು, ಒಂದು ದಿನದ ಕೂಲಿ, ಊಟ, ಜೆರಾಕ್ಸು, ಇವನ್ನು ಕೂಡಿಸಿದರೆ ಮೊದಲ ಸಲಕ್ಕೇ ಗೈಡಿನ ಬೆಲೆ ದಾಟುತ್ತದೆ. 1915 ಸಹಾಯವಾಣಿ ಕನ್ನಡದಲ್ಲೂ ಮಾತಾಡುತ್ತದೆ, ಅದಕ್ಕೆ ಧನ್ಯವಾದ. ಕಂಪನಿಯ ಆ್ಯಪಿನೊಳಗೆ ಮಾತ್ರ ಕನ್ನಡ ಬರುವುದು ಕೊಳ್ಳುವ ಪುಟದ ತನಕ. ದೂರಿನ ಪುಟಕ್ಕೆ ಬಂದರೆ ಎಷ್ಟೋ ಕಡೆ ಇಂಗ್ಲಿಷು, ಅದೂ ಯಂತ್ರದ ಜೊತೆ. ‘ನಿಮ್ಮ ನೆರೆಯವರನ್ನು ವಿಚಾರಿಸಿ ನೋಡಿದಿರಾ’ ಎಂದು ಆ ಯಂತ್ರ ಕೇಳುತ್ತದೆ. ಹಳ್ಳಿಯಲ್ಲಿ ನೆರೆಯವರನ್ನು ವಿಚಾರಿಸುವುದೆಂದರೆ ‘ನೀವು ಎತ್ತಿಕೊಂಡಿರಾ’ ಎಂದು ಕೇಳಿದಂತೆ. ಎಸೆದು ಹೋದ ಒಂದು ಪೊಟ್ಟಣಕ್ಕೆ ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳ ಲೆಕ್ಕ ಯಾವ ಡ್ಯಾಶ್‌ಬೋರ್ಡಿಗೂ ಸಿಗುವುದಿಲ್ಲ.

ಕ್ಯಾಶ್ ಆನ್ ಡೆಲಿವರಿಯ ವಿಷಯ ತಮಗೆ ಗೊತ್ತಿರುವುದೇ. ಅದಕ್ಕೆ ಹೆಚ್ಚುವರಿ ಶುಲ್ಕ ಹೇರುವುದು ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರ ಎಂದು 2025ರ ಅಕ್ಟೋಬರಿನಲ್ಲಿ ತಾವೇ ಹೇಳಿ ತನಿಖೆಗೆ ಒಪ್ಪಿಸಿದಿರಿ. ಹಳ್ಳಿಯವರು ಕ್ಯಾಶನ್ನೇ ಏಕೆ ಆರಿಸುತ್ತಾರೆ ಎಂಬುದನ್ನೂ ಆ ತನಿಖೆ ಕೇಳಲಿ. ಅವರಿಗೆ ಯುಪಿಐ ಬಾರದೆಂದಲ್ಲ, ಬೂದಿಕೋಟೆಯ ಸೊಪ್ಪಿನ ಅಂಗಡಿಯಲ್ಲೂ ಕ್ಯೂಆರ್ ಕೋಡ್ ಇದೆ. ಪೊಟ್ಟಣ ಕೈಗೆ ಬರುತ್ತದೆಂಬ ನಂಬಿಕೆಯಿಲ್ಲ, ಅಷ್ಟೆ. ಕಂಪನಿ ಕೊಡದ ಖಾತರಿಗೆ ಬದಲಾಗಿ ಅವರೇ ಕಂಡುಕೊಂಡ ವಿಮೆ ಅದು. ಆ ವಿಮೆಗೂ ಕಂಪನಿ ಕಂತು ಕೇಳುತ್ತಿದೆ.

ಡೆಲಿವರಿ ಹುಡುಗರ ಕಡೆಗೂ ಒಂದು ಮಾತು ಸಲ್ಲಬೇಕು. 2023ರ ಫೆಬ್ರುವರಿಯಲ್ಲಿ ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ ಐಫೋನ್ ಕೊಡಲು ಹೋದ ಹುಡುಗನನ್ನು, ಹಣ ಕೊಡಲಾಗದ ಯುವಕನೊಬ್ಬ ತನ್ನ ಮನೆಯೊಳಗೇ ಕೊಂದ. ಗೊತ್ತಿಲ್ಲದ ಮನೆ, ಒಂಟಿ ಮನುಷ್ಯ, ಚೀಲದಲ್ಲಿ ದುಡ್ಡು ಮತ್ತು ದುಬಾರಿ ಮಾಲು. ಈ ಕೆಲಸದ ಅಪಾಯ ಅಲ್ಲಿ ಬಯಲಾಯಿತು. ಕರ್ನಾಟಕ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದು, ಪ್ರತಿ ಪಾವತಿಯ ಮೇಲೆ ಕಂಪನಿಗಳಿಂದ ಕಲ್ಯಾಣ ಶುಲ್ಕ ಪಡೆಯಲು ದಾರಿ ಮಾಡಿದೆ. ಆದರೆ ಪೊಟ್ಟಣದ ಲೆಕ್ಕದ ಕೂಲಿಯಲ್ಲಿ ದೂರ ಎಣಿಕೆಗೆ ಬರದಿದ್ದರೆ ಕಲ್ಯಾಣ ನಿಧಿ ಪೆಟ್ರೋಲ್ ಹಾಕಿಸುವುದಿಲ್ಲ. ಬಂಗಾರಪೇಟೆಯ ಪೇಟೆಬೀದಿಗೂ ಕಾಡಂಚಿನ ತೋಟದ ಮನೆಗೂ ಒಂದೇ ದರ ಇರುವ ತನಕ ಸಿಸಿಟಿವಿ ಹಾಕಿದರೂ ಫೋಟೊ ತೆಗೆಸಿದರೂ ಡೇರಿ ಕಟ್ಟೆಯೇ ಗೆಲ್ಲುತ್ತದೆ. (ಫೋಟೊ ತೆಗೆಯುತ್ತಾರೆ ಕೂಡ. ಅದರಲ್ಲಿ ಕಾಣುವುದು ಒಂದು ರಟ್ಟಿನ ಡಬ್ಬಿ ಮತ್ತು ನೆಲ. ಯಾರ ಮನೆಯ ನೆಲ ಎಂದು ನೆಲ ಹೇಳುವುದಿಲ್ಲ.)

ಖಾಸಗಿಯವರು ಹಳ್ಳಿಗೆ ಬಾರದಿದ್ದರೆ ಅಂಚೆಯಣ್ಣ ಇದ್ದಾನಲ್ಲ ಎನ್ನುವವರಿದ್ದಾರೆ. ಇದ್ದಾನೆ, ಮತ್ತು ಬಹುಪಾಲು ಅವನೇ ಮೇಲು: ಅಜ್ಜಿಯ ಪಿಂಚಣಿ ತಂದುಕೊಡುವವನಿಗೆ ಅಜ್ಜಿಯ ಮನೆ ಗೊತ್ತಿರುತ್ತದೆ. ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಹುಟ್ಟಿದ ತನ್ನದೇ ಅಂಚೆಯನ್ನು 1889ರವರೆಗೆ ನಡೆಸಿದ ಮೈಸೂರು ಸೀಮೆಯಿದು, ಮನೆ ಹುಡುಕಿ ಮುಟ್ಟಿಸುವುದು ಇಲ್ಲಿ ಹೊಸ ವಿದ್ಯೆಯಲ್ಲ. ಆದರೆ ಅಂಚೆಯಲ್ಲೂ ಹುಳುಕಿದೆ. ಒಡಿಶಾದ ಭದ್ರಕ್ ಜಿಲ್ಲೆಯ ಓಧಂಗಾದಲ್ಲಿ 2018ರಲ್ಲಿ ಹಳೆಯ ಅಂಚೆ ಕಟ್ಟಡದ ಹತ್ತಿರ ಆಡುತ್ತಿದ್ದ ಶಾಲಾ ಮಕ್ಕಳಿಗೆ ಹಂಚದೆ ಉಳಿದ ಸುಮಾರು 6,000 ಅಂಚೆಗಳ ರಾಶಿ ಸಿಕ್ಕಿತು. ಕೆಲವು 2004ರವು, ಹಲವು ಗೆದ್ದಲು ತಿಂದು ಓದಲಾಗದಂಥವು. 1898ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2023ರ ಅಂಚೆ ಕಚೇರಿ ಕಾಯ್ದೆಯೂ, ಸರ್ಕಾರ ಗೊತ್ತುಪಡಿಸಿದಷ್ಟು ಬಿಟ್ಟರೆ ಬೇರೆ ಹೊಣೆ ಅಂಚೆಗಿಲ್ಲ ಎಂದೇ ಹೇಳುತ್ತದೆ. 2025ರ ಅಕ್ಟೋಬರಿನಿಂದ ಸ್ಪೀಡ್ ಪೋಸ್ಟಿಗೂ ಓಟಿಪಿ ಬಂದಿದೆ. ಮೇಲೆ ಹೇಳಿದ ಓಟಿಪಿ ಪುರಾಣ ಅಲ್ಲಿಗೂ ಕಾಲಿಡದಂತೆ ಈಗಲೇ ನೋಡಿಕೊಳ್ಳಬೇಕು.

ಅಂಚೆ ಇಲಾಖೆಯ ಒಂದು ಕೆಲಸ ಮಾತ್ರ ಕೆಜಿಎಫ್‌ಗೆ ಅಳತೆ ಕೊಟ್ಟು ಹೊಲಿಸಿದಂತಿದೆ. 2025ರ ಮೇ ತಿಂಗಳಲ್ಲಿ ಬಂದ ಡಿಜಿಪಿನ್ ಇಡೀ ದೇಶವನ್ನು ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ಸೀಳಿ, ಪ್ರತಿ ಚೌಕಕ್ಕೆ ಹತ್ತು ಅಕ್ಷರದ ಗುರುತು ಕೊಡುತ್ತದೆ. ಬೆಂಗಳೂರಿನ ಬಂಗಲೆಯೊಂದರಲ್ಲಿ ಅಂಥ ಹತ್ತಾರು ಚೌಕಗಳು ಕಳೆದುಹೋಗುತ್ತವೆ. ಲೈನಿನ ಒಂದು ಕೋಣೆಯ ಮನೆಗೆ ಹೆಚ್ಚುಕಡಿಮೆ ಒಂದೇ ಚೌಕ ಸಾಕು. ಮಾಸಿದ ನಂಬರಿನ ಮನೆಗೂ ಇದು ವಿಳಾಸ ಕೊಡಬಲ್ಲದು, ಹೊಲದ ನಡುವಿನ ಮನೆಗೂ ಕೊಡಬಲ್ಲದು. ಆದರೆ ಆರ್ಡರ್ ಹಾಕುವ ಪುಟದಲ್ಲಿ ಅದನ್ನು ಬರೆಯಲು ಜಾಗವಿಲ್ಲದಿದ್ದರೆ ಅದು ಇಲಾಖೆಯ ಜಾಲತಾಣದಲ್ಲಷ್ಟೇ ಇರುತ್ತದೆ. ಸಂವಹನ ಸಚಿವ ಜ್ಯೋತಿರಾದಿತ್ಯ ಸಿಂಧಿಯಾ ಅವರ ಜೊತೆ ತಾವು ಕೂತು, ವಿಳಾಸದ ಪುಟದಲ್ಲಿ ಡಿಜಿಪಿನ್‌ಗೆ ಒಂದು ಸಾಲು ಮೀಸಲಿಡಬೇಕೆಂದು ಕಂಪನಿಗಳಿಗೆ ಹೇಳಿದರೆ ಅದು ಆಗಿಬಿಡುವ ಕೆಲಸ.

ಉಳಿದದ್ದು ತಮ್ಮ ಅಂಗಳದ್ದೇ. ಸರಕು ಗ್ರಾಹಕರ ಕೈಗೆ, ಇಲ್ಲವೇ ಅವರೇ ಮೊದಲು ಹೆಸರಿಸಿದವರ ಕೈಗೆ ಬಂದಾಗ ಮಾತ್ರ ತಲುಪಿದಂತೆ ಎಂದು ನಿಯಮ ಹೇಳಲಿ. ಅಲ್ಲಿಯ ತನಕ ನಷ್ಟವೂ ಮಾರಿದವರದು, ತಲುಪಿತೆಂದು ಸಾಬೀತು ಮಾಡುವ ಹೊರೆಯೂ ಮಾರಿದವರದು. ಮನೆ ತನಕ ಬರುವುದಿಲ್ಲವಾದರೆ, ಬಂಗಾರಪೇಟೆಗೆ ಬಂದು ಒಯ್ಯಬೇಕೆಂದು ದುಡ್ಡು ಕಟ್ಟುವ ಮೊದಲೇ ದಪ್ಪ ಅಕ್ಷರದಲ್ಲಿ ತಿಳಿಸಲಿ. ಹಾಗೆ ತಿಳಿಸಿದವರನ್ನು ಯಾರೂ ದೂರುವುದಿಲ್ಲ, ಸಂತೆಗೆ ಹೋದಾಗ ತಂದುಕೊಳ್ಳುತ್ತಾರೆ. ಡೇರಿಯೇ ಅನುಕೂಲವೆಂದು ಊರಿನವರು ಒಪ್ಪಿದರೆ ಅದನ್ನು ಲೆಕ್ಕಕ್ಕೆ ತಂದು, ಇಟ್ಟುಕೊಂಡ ಹಾಲಿನ ಸಂಘಕ್ಕೆ ಪೊಟ್ಟಣಕ್ಕಿಷ್ಟು ಎಂದು ಕೊಟ್ಟು, ಹಾಲಿನ ಹಾಗೆಯೇ ಚೀಟಿ ಬರೆಸಲಿ. ‘ಮನೆಯಲ್ಲಿ ಯಾರೂ ಇರಲಿಲ್ಲ’ ಎಂದು ಬರೆಯುವ ಮೊದಲು ಆ ಮಾತು ಗ್ರಾಹಕರ ಫೋನಿಗೆ ಅವರ ಭಾಷೆಯಲ್ಲಿ ಹೋಗಲಿ, ‘ಇದ್ದೆವು’ ಎಂದು ಅವರು ಒತ್ತಿದರೆ ಆ ಪ್ರಯತ್ನ ಲೆಕ್ಕಕ್ಕೆ ಸೇರದಿರಲಿ.

ಇದಕ್ಕೆ ಹೊಸ ಕಡತ ತೆರೆಯಬೇಕಾಗಿಯೂ ಇಲ್ಲ. 2021ರ ಜೂನ್ 21ರಂದು ತಮ್ಮ ಸಚಿವಾಲಯವೇ ಇ–ಕಾಮರ್ಸ್ ನಿಯಮಗಳಿಗೆ ಕರಡು ತಿದ್ದುಪಡಿಯೊಂದನ್ನು ಪ್ರಕಟಿಸಿತ್ತು. ಮಾರಾಟಗಾರರ ನಿರ್ಲಕ್ಷ್ಯದಿಂದ ಸರಕು ತಲುಪದೆ ಗ್ರಾಹಕರಿಗೆ ನಷ್ಟವಾದರೆ ವೇದಿಕೆಯ ಕಂಪನಿಯೇ ಹೊಣೆ ಹೊರಬೇಕು ಎಂಬ ಮಾತು ಅದರಲ್ಲಿತ್ತು. ಆಗ ಸುದ್ದಿಯಾದದ್ದು ಫ್ಲ್ಯಾಶ್ ಸೇಲ್ ನಿರ್ಬಂಧದ ಪ್ರಸ್ತಾಪ. ಕಂಪನಿಗಳ ಗದ್ದಲವೂ ಅದರ ಸುತ್ತಲೇ ನಡೆಯಿತು. ಆ ಗದ್ದಲದಲ್ಲಿ ಈ ಒಂದು ಮಾತೂ ಮೂಲೆ ಸೇರಿತು, ಕರಡು ಕರಡಾಗಿಯೇ ಉಳಿಯಿತು. ಫ್ಲ್ಯಾಶ್ ಸೇಲಿನ ಜಗಳವನ್ನು ಬೇಕಾದರೆ ಪಕ್ಕಕ್ಕಿಟ್ಟು ಆ ಹೊಣೆಯ ಕಲಮನ್ನಷ್ಟೇ ಬಿಡಿಸಿ ತೆಗೆಯಬಹುದು. ಮಾರಾಟಗಾರರ ಜೊತೆ ಸಾಗಣೆದಾರರ ನಿರ್ಲಕ್ಷ್ಯವನ್ನೂ ಅದಕ್ಕೆ ಸೇರಿಸಿ ಮತ್ತೆ ಜನರ ಮುಂದಿಡಬಹುದು. ಈ ಸಲ ಕರಡು ಕನ್ನಡದಲ್ಲೂ ಬರಲಿ, ಕಳೆದ ಸಲದಂತೆ ಎರಡು ವಾರದ ಗಡುವಿನಲ್ಲಿ ಶುರುಮಾಡದೆ ಅಭಿಪ್ರಾಯ ಕಳಿಸಲು ಕನಿಷ್ಠ 60 ದಿನ ಇರಲಿ, ಮತ್ತು ಒಂದು ಪ್ರತಿ ಬಂಗಾರಪೇಟೆ, ಕೆಜಿಎಫ್ ತಾಲ್ಲೂಕುಗಳ ಪ್ರತಿ ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿಗೂ ಹೋಗಲಿ.

ಇಂತಿ,
ಬಂಗಾರಪೇಟೆ ಮತ್ತು ಕೆಜಿಎಫ್ ತಾಲ್ಲೂಕುಗಳ ಗ್ರಾಹಕರ ಪರವಾಗಿ